ಆಹಾರದ ಸುದ್ದಿ ಅಡುಗೆಮನೆಗೆ ಬರುವ ದಾರಿ

2018ರ ಆಗಸ್ಟ್ ತಿಂಗಳ ಕೊನೆ. ಶಿರಸಿ ಸೀಮೆಯಲ್ಲಿ ಮಳೆ ಇನ್ನೂ ಹೊಳವಾಗಿರಲಿಲ್ಲ. ಒಲೆಕಟ್ಟೆಯ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಪತ್ರಿಕೆಯೊಂದರ ಆನ್‌ಲೈನ್ ಆವೃತ್ತಿಯನ್ನು ಓದುತ್ತಿದ್ದ ನನ್ನ ಆಯಿ (ಅಮ್ಮ) ಓದುವುದನ್ನು ನಿಲ್ಲಿಸಿ ಎದುರಿಗಿದ್ದ ತೆಂಗಿನೆಣ್ಣೆಯ ಡಬ್ಬಿಯನ್ನೇ ನೋಡತೊಡಗಿದಳು. ತೆಂಗಿನೆಣ್ಣೆ ಅಪ್ಪಟ ವಿಷವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರು ಹೇಳಿದ್ದಾರೆ ಎಂಬುದು ಆ ಸುದ್ದಿಯ ಸಾರ. "ಹಂಗಾರೆ ನಾವು ಇಷ್ಟು ವರ್ಷ ತಿಂದಿದ್ದು ವಿಷನ ತಂಗಿ?" ಎಂದು ಅವಳು ಕೇಳಿದ್ದು ನನಗೆ ಇಂದಿಗೂ ನೆನಪಿದೆ. ಆ ವಾರವೇ ಡಬ್ಬಿ ನಾಗಂದಿಗೆ ಏರಿತು, ಪೇಟೆಯಿಂದ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಬಂದಿತು. ಕೆಲವು ತಿಂಗಳ ನಂತರ ತೆಂಗಿನೆಣ್ಣೆ ಒಳ್ಳೆಯ ಕೊಲೆಸ್ಟ್ರಾಲನ್ನು ಹೆಚ್ಚಿಸುತ್ತದೆ ಎಂಬ ಇನ್ನೊಂದು ಸುದ್ದಿ ಬಂದಾಗ ಡಬ್ಬಿ ಕೆಳಗಿಳಿಯಿತು. ಎರಡೂ ಸುದ್ದಿಗಳು ಬಂದದ್ದು ಅದೇ ಮೊಬೈಲಿನಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ. ಒಂದಕ್ಕಿಂತ ಇನ್ನೊಂದಕ್ಕೆ ಹೆಚ್ಚು ತೂಕ ಕೊಡುವುದು ಹೇಗೆಂದು ತಿಳಿಯಲು ಅವಳಿಗೆ ಯಾವ ದಾರಿಯೂ ಇರಲಿಲ್ಲ.

ಆ ದಾರಿ ಇಲ್ಲವೆಂದೇನೂ ಅಲ್ಲ. ಸುದ್ದಿಯ ಮೂಲಕ್ಕೆ ಹೋಗಿ ನೋಡಿದರೆ ಅದು ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ. ತೆಂಗಿನೆಣ್ಣೆಯ ಬಗ್ಗೆ ಮಾತನಾಡಿದ್ದವರು ಕರಿನ್ ಮಿಶೆಲ್ಸ್. ಅವರು ಹಾರ್ವರ್ಡಿನಲ್ಲಿಯೂ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿಯೂ ಹುದ್ದೆ ಹೊಂದಿದ್ದರು. ಮಾತನಾಡಿದ್ದು ಫ್ರೈಬುರ್ಗಿನಲ್ಲಿ, ಜರ್ಮನ್ ಭಾಷೆಯಲ್ಲಿ, ಸಾರ್ವಜನಿಕ ಉಪನ್ಯಾಸವೊಂದರಲ್ಲಿ. ಅಂದರೆ ಅಲ್ಲಿ ಯಾವ ಹೊಸ ಸಂಶೋಧನೆಯೂ ಪ್ರಕಟವಾಗಿರಲಿಲ್ಲ. ಉಪನ್ಯಾಸದ ವಿಡಿಯೋ ಅಂತರ್ಜಾಲದಲ್ಲಿ ಹರಡಿ, ಅದರಲ್ಲಿದ್ದ ಅತ್ಯಂತ ಖಾರವಾದ ಎರಡು ಪದಗಳನ್ನು ಇಂಗ್ಲಿಷ್ ಪತ್ರಿಕೆಗಳು ಎತ್ತಿಕೊಂಡು, ಅಲ್ಲಿಂದ ಭಾರತೀಯ ಭಾಷೆಗಳಿಗೆ ಅವು ಇಳಿದವು. ನಮ್ಮ ದೇಶದ ತೋಟಗಾರಿಕಾ ಆಯುಕ್ತರು ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಹಾರ್ವರ್ಡಿಗೆ ಪತ್ರ ಬರೆದದ್ದೂ ಸುದ್ದಿಯಾಯಿತು. ಅಲ್ಲಿಗೆ ಪ್ರಶ್ನೆ ಆರೋಗ್ಯದ್ದಾಗಿ ಉಳಿಯದೆ ದೇಶದ ಮಾನದ್ದಾಯಿತು.

ಹಾಗಾದರೆ ತಿಳಿದಿರುವುದೇನು? ತೆಂಗಿನೆಣ್ಣೆಯಲ್ಲಿರುವ ಕೊಬ್ಬಿನ ಶೇ 80ಕ್ಕಿಂತ ಹೆಚ್ಚು ಭಾಗ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಿಗೆ ಗಟ್ಟಿಯಾಗುವ ಜಾತಿಯದು. ಧನುರ್ಮಾಸದ ಬೆಳಗಿನಲ್ಲಿ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟುವುದು ಈ ಕಾರಣದಿಂದಲೇ. ಇದನ್ನು ಮುಂದಿಟ್ಟುಕೊಂಡು ಅಮೆರಿಕದ ಹೃದಯ ಸಂಘ 2017ರಲ್ಲಿಯೇ ತೆಂಗಿನೆಣ್ಣೆಯನ್ನು ಬಳಸದಿರುವುದು ಒಳ್ಳೆಯದೆಂದು ಸಲಹೆ ಮಾಡಿತ್ತು. 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಮನುಷ್ಯರ ಮೇಲೆ ನಡೆದ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಸೋಯಾ, ಸೂರ್ಯಕಾಂತಿ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಬಳಸಿದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್ ಪ್ರತಿ ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು, ಒಳ್ಳೆಯದೆನ್ನುವ ಎಚ್‌ಡಿಎಲ್ ಕೂಡ ಸುಮಾರು 4 ಮಿಲಿಗ್ರಾಂ ಹೆಚ್ಚಿತ್ತು. ಹೀಗಾಗಿ ಆಯಿ ಓದಿದ ಎರಡೂ ಸುದ್ದಿಗಳಿಗೆ ಆಧಾರವಿತ್ತು. ಒಂದು ಸುದ್ದಿ ಮೊದಲ ಅಂಕಿಯನ್ನು ಹಿಡಿದುಕೊಂಡಿತ್ತು, ಮತ್ತೊಂದು ಎರಡನೆಯದನ್ನು. ಎರಡೂ ಬಿಟ್ಟುಬಿಟ್ಟದ್ದು ಯಾವುದಕ್ಕೆ ಹೋಲಿಸಿದರೆ ಮತ್ತು ದಿನಕ್ಕೆ ಎಷ್ಟು ತಿಂದರೆ ಎಂಬುದನ್ನು. ಒಗ್ಗರಣೆಗೆ ಒಂದು ಚಮಚ ಹಾಕುವ ಮನೆಗೂ ದಿನವೂ ಬಾಣಲೆಯಲ್ಲಿ ಕರಿಯುವ ಮನೆಗೂ ಒಂದೇ ತೀರ್ಪು ಅನ್ವಯಿಸುವುದು ಸಾಧ್ಯವೇ ಇಲ್ಲ.

ಆಹಾರದ ಸುದ್ದಿ ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಅದು ಸಾಗಿ ಬರುವ ಹಾದಿಯನ್ನು ನೋಡಬೇಕು. ಸಂಶೋಧನೆ ಮೊದಲು ವೈಜ್ಞಾನಿಕ ನಿಯತಕಾಲಿಕದಲ್ಲಿ ಅಚ್ಚಾಗುತ್ತದೆ. ಅದನ್ನು ಆಧರಿಸಿ ವಿಶ್ವವಿದ್ಯಾಲಯವು ಪತ್ರಿಕಾ ಪ್ರಕಟಣೆ ಹೊರಡಿಸುತ್ತದೆ. ಸುದ್ದಿಸಂಸ್ಥೆ ಅದನ್ನು ಮೊಟಕುಗೊಳಿಸುತ್ತದೆ, ಇಂಗ್ಲಿಷ್ ಜಾಲತಾಣ ಅದಕ್ಕೆ ತಲೆಬರಹ ಕೊಡುತ್ತದೆ, ಕನ್ನಡದ ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರು ಗಂಟೆಗೆ ಹಲವು ಸುದ್ದಿ ಮುಗಿಸಬೇಕಾದ ಒತ್ತಡದಲ್ಲಿ ಅದನ್ನು ಅನುವಾದಿಸುತ್ತಾರೆ. ತಪ್ಪೆಲ್ಲ ಕೊನೆಯವರದ್ದೆಂದು ನಾವು ತಿಳಿಯುತ್ತೇವೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಬೇರೆಯದೇ ಚಿತ್ರ ಕೊಟ್ಟಿತು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ್ದ 462 ಪ್ರಕಟಣೆಗಳನ್ನು ಮೂಲ ಲೇಖನಗಳ ಜೊತೆ ಹೋಲಿಸಿ ನೋಡಿದಾಗ, ಓದುಗರಿಗೆ ಕೊಡುವ ಸಲಹೆಯನ್ನು ಶೇ 40ರಷ್ಟು ಪ್ರಕಟಣೆಗಳು ಮೂಲಕ್ಕಿಂತ ಹಿಗ್ಗಿಸಿದ್ದವು, ಬರೀ ಸಂಬಂಧವನ್ನು ಕಾರಣವೆಂದು ಶೇ 33ರಷ್ಟು ಹೇಳಿದ್ದವು, ಪ್ರಾಣಿಗಳ ಮೇಲಿನ ಫಲಿತಾಂಶವನ್ನು ಮನುಷ್ಯರಿಗೆ ಶೇ 36ರಷ್ಟು ಅನ್ವಯಿಸಿದ್ದವು. ಪ್ರಕಟಣೆ ಹಿಗ್ಗಿದ ಕಡೆ ಸುದ್ದಿಯೂ ಹಿಗ್ಗಿತ್ತು, ಪ್ರಕಟಣೆ ಸಂಯಮದಿಂದಿದ್ದ ಕಡೆ ಸುದ್ದಿಯೂ ಬಹುಪಾಲು ಸಂಯಮದಿಂದಿತ್ತು. ಹೊಳೆಯ ನೀರು ಕಲಕಿದ್ದು ಎಷ್ಟೋ ಸಲ ಮೇಲಿನ ಕಟ್ಟಿನಲ್ಲಿಯೇ.

ಆದರೆ ನಮ್ಮ ಭಾಷೆಯೊಳಗೆ ಬರುವಾಗ ಇನ್ನಷ್ಟು ಕಳೆದುಹೋಗುತ್ತದೆ, ಅದರ ಹೊಣೆ ನಮ್ಮದೇ. ಒಂದು ಆಹಾರ ತಿನ್ನುವವರಲ್ಲಿ ಒಂದು ಕಾಯಿಲೆ ಹೆಚ್ಚು ಕಂಡುಬಂದಿದೆ ಎಂಬುದು ಒಂದು ಮಾತು, ಆ ಆಹಾರದಿಂದ ಆ ಕಾಯಿಲೆ ಬರುತ್ತದೆ ಎಂಬುದು ಬೇರೆಯೇ ಮಾತು. ಕನ್ನಡದ ತಲೆಬರಹದಲ್ಲಿ ಮೊದಲನೆಯದಕ್ಕೆ ಜಾಗ ಸಾಲುವುದಿಲ್ಲ, ಎರಡನೆಯದು ಮೂರು ಪದದಲ್ಲಿ ಮುಗಿಯುತ್ತದೆ. "ಅಪ್ಪಿತಪ್ಪಿಯೂ ತಿನ್ನಬೇಡಿ", "ಖಾಲಿ ಹೊಟ್ಟೆಯಲ್ಲಿ ತಿಂದರೆ ಏನಾಗುತ್ತದೆ ಗೊತ್ತಾ", "ಈ ಸಮಸ್ಯೆ ಇರುವವರು ಎಚ್ಚರ" ಎಂಬ ಸಿದ್ಧ ಅಚ್ಚುಗಳಲ್ಲಿ ಬದನೆಕಾಯಿ, ಬಾಳೆಹಣ್ಣು, ಮೊಸರು ಒಂದರ ನಂತರ ಒಂದು ಬಂದು ಕೂರುತ್ತವೆ. ಪುಟ ಎಷ್ಟು ಸಲ ತೆರೆಯಲ್ಪಟ್ಟಿತು ಎಂಬುದರ ಮೇಲೆ ಜಾಹೀರಾತಿನ ಆದಾಯ ನಿಂತಿರುವಾಗ ಈ ಅಚ್ಚುಗಳು ಮುರಿಯುವುದು ಕಷ್ಟ. ಇದಕ್ಕಿಂತ ಆಳವಾದ ತೊಡಕು "ಅಪಾಯ" ಎಂಬ ಪದದ್ದು. ಒಂದು ವಸ್ತುವಿಗೆ ಕೇಡು ಮಾಡುವ ಗುಣವಿದೆ ಎಂಬುದನ್ನೂ, ಆ ಕೇಡು ನನಗೆ ತಟ್ಟುವ ಸಂಭವ ಎಷ್ಟು ಎಂಬುದನ್ನೂ ನಾವು ಈ ಒಂದೇ ಪದದಿಂದ ಹೇಳುತ್ತೇವೆ. ಕಡಲಿಗೆ ಮುಳುಗಿಸುವ ಗುಣವಿದೆ. ಕಾರವಾರದ ದಂಡೆಯ ಮೇಲೆ ಸಂಜೆ ನಡೆಯುವವರು ಮುಳುಗುವ ಸಂಭವವೂ ಜುಲೈ ತಿಂಗಳಲ್ಲಿ ದೋಣಿ ಇಳಿಸಿದವರು ಮುಳುಗುವ ಸಂಭವವೂ ಒಂದೇ ಅಲ್ಲ. ಈ ಎರಡು ಅರ್ಥಗಳನ್ನು ಬೇರೆ ಮಾಡಿ ಓದಲು ಕಲಿತರೆ ಆಹಾರದ ಸುದ್ದಿಗಳ ಅರ್ಧ ಗೊಂದಲ ತಿಳಿಯಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಉದಾಹರಣೆಗೆ 2015ರ ಅಕ್ಟೋಬರಿನ ಸುದ್ದಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಾಸೇಜ್, ಬೇಕನ್ ಮುಂತಾದ ಸಂಸ್ಕರಿತ ಮಾಂಸವನ್ನು ತನ್ನ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಜಗತ್ತಿನ ಪತ್ರಿಕೆಗಳು ಮಾಂಸವೂ ಸಿಗರೇಟೂ ಒಂದೇ ಎಂದು ಬರೆದವು. ಆದರೆ ಈ ಗುಂಪುಗಳು ತಿಳಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಕೇಡಿನ ಪ್ರಮಾಣ ಎಷ್ಟು ಎಂಬುದನ್ನು ಅವು ತಿಳಿಸುವುದಿಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇ 18ರಷ್ಟು ಹೆಚ್ಚುತ್ತದೆ ಎಂದಾಗ ನೂರರಲ್ಲಿ ಹದಿನೆಂಟು ಮಂದಿಗೆ ಕ್ಯಾನ್ಸರ್ ಬರುತ್ತದೆ ಎಂದು ತಿಳಿದವರೇ ಹೆಚ್ಚು. ಇದನ್ನು ದೇವಸ್ಥಾನದ ಊಟದ ಪಂಕ್ತಿಯ ಹಾಗೆ ಕಲ್ಪಿಸಿಕೊಳ್ಳಬಹುದು. ಬ್ರಿಟನ್ನಿನ ಅಂದಾಜಿನ ಪ್ರಕಾರ, ಅಂಥ ಮಾಂಸವನ್ನು ಅತಿ ಕಡಿಮೆ ತಿನ್ನುವ ಸಾವಿರ ಜನ ಪಂಕ್ತಿಯಲ್ಲಿ ಕುಳಿತಿದ್ದರೆ ಅವರಲ್ಲಿ ಜೀವಮಾನದಲ್ಲಿ ಈ ಕಾಯಿಲೆ ಬರುವವರು ಸುಮಾರು 56 ಮಂದಿ. ಅತಿ ಹೆಚ್ಚು ತಿನ್ನುವ ಸಾವಿರ ಜನರ ಪಂಕ್ತಿಯಲ್ಲಿ ಸುಮಾರು 66 ಮಂದಿ. ಸಾವಿರದಲ್ಲಿ ಹತ್ತು ಜನರ ಈ ವ್ಯತ್ಯಾಸ ಸಣ್ಣದಲ್ಲ, ಆ ಹತ್ತು ಜನರಿಗಂತೂ ಅದೇ ಸರ್ವಸ್ವ. ಆದರೂ ಅದು ತಲೆಬರಹ ಹುಟ್ಟಿಸಿದ ಚಿತ್ರವಲ್ಲ. ಶೇಕಡಾವಾರು ಹೆಚ್ಚಳ ಕಂಡಾಗಲೆಲ್ಲ, ಮೊದಲು ಎಷ್ಟಿತ್ತು ಎಂದು ಕೇಳದಿದ್ದರೆ ಅಂಕಿಗೆ ಅರ್ಥವೇ ಇರುವುದಿಲ್ಲ.

ಇಷ್ಟು ಬರೆದ ಮೇಲೆ, ತಲೆಬರಹ ಸರಿಯಾಗಿಯೇ ಇದ್ದು ಓದುಗರಾದ ನಾವು ತಪ್ಪಿದ ಸಂಗತಿಯನ್ನೂ ಬರೆಯಲೇಬೇಕು. ನಮ್ಮ ಮನೆಯ ಬದುಕು ನಡೆದದ್ದು ಅಡಿಕೆ ತೋಟದಿಂದ. ನನ್ನ ಓದಿನ ಫೀಸು, ಅಕ್ಕನ ಮದುವೆ, ಮನೆಯ ಹಂಚು, ಎಲ್ಲವೂ ಶಿರಸಿಯ ಪೇಟೆಯಲ್ಲಿ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ ಬಂದ ಧಾರಣೆಯ ಮೇಲೆ ನಿಂತಿದ್ದವು. ಅಡಿಕೆಯನ್ನು ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ಮೊದಲ ಗುಂಪಿಗೆ ಸೇರಿಸಿದೆ, ಅದೂ ತಂಬಾಕು ಸೇರಿಸದೆ ಜಗಿದಾಗಲೂ ಕೇಡಿದೆ ಎಂಬ ತೀರ್ಮಾನದೊಡನೆ. ಇಲ್ಲಿ ಪುರಾವೆಯೂ ಗಟ್ಟಿ, ಕೇಡಿನ ಪ್ರಮಾಣವೂ ದೊಡ್ಡದು. 2022ರಲ್ಲಿ ಜಗತ್ತಿನಾದ್ಯಂತ ಕಂಡುಬಂದ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣವೆಂದೂ, ಅವುಗಳಲ್ಲಿ 83,400 ಭಾರತದವೆಂದೂ 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಈ ಸುದ್ದಿ ಬಂದಾಗ ನಮ್ಮ ಸೀಮೆಯಲ್ಲಿ ಕೇಳಿಬರುವ ಮಾತುಗಳು ಮೂರು. ಇದು ಅಡಿಕೆಯ ಧಾರಣೆ ಇಳಿಸುವ ಹುನ್ನಾರ, ಕೇಡೆಲ್ಲ ತಂಬಾಕಿನದು, ನಮ್ಮ ಅಜ್ಜ ದಿನಕ್ಕೆ ಹತ್ತು ಕವಳ (ಎಲೆಅಡಿಕೆ) ಹಾಕಿ ತೊಂಬತ್ತು ವರ್ಷ ಬದುಕಿದ್ದ.

ಮೂರನೆಯ ಮಾತನ್ನು ನಾನೂ ಬಹಳ ವರ್ಷ ಹೇಳಿದ್ದೇನೆ. ನಮ್ಮ ಅಜ್ಜ ಜಗುಲಿಯಲ್ಲಿ ಕವಳದ ಹರಿವಾಣದ ಮುಂದೆ ಕುಳಿತು ಅಡಕತ್ತರಿಯಲ್ಲಿ ಅಡಿಕೆ ಸೀಳುವ ಸದ್ದು ನನ್ನ ಬಾಲ್ಯದ ಸದ್ದುಗಳಲ್ಲೊಂದು. ಆದರೆ ತೊಂಬತ್ತು ವರ್ಷ ಬದುಕಿದ ಅಜ್ಜನನ್ನು ಮೊಮ್ಮಕ್ಕಳು ನೋಡಿರುತ್ತಾರೆ, ಐವತ್ತರಲ್ಲಿ ಬಾಯಿ ತೆರೆಯಲಾಗದೆ ಗಂಜಿಯ ತಿಳಿ ಕುಡಿದು ಹೋದ ಅಜ್ಜನನ್ನು ಮೊಮ್ಮಕ್ಕಳು ನೋಡಿರುವುದೇ ಇಲ್ಲ. ಉಳಿದವರ ಕಥೆಯೇ ಊರಿನ ನೆನಪಾಗುತ್ತದೆ. ಬೆಳೆಗಾರರು ತಮ್ಮ ಬದುಕಿನ ಬಗ್ಗೆ ಆತಂಕ ಪಡುವುದು ನ್ಯಾಯವೇ. ಅದಕ್ಕೆ ಸರ್ಕಾರ ಉತ್ತರ ಹೇಳಬೇಕಾದದ್ದೂ ಹೌದು. ಆದರೆ ಆ ಆತಂಕವೇ ವೈದ್ಯಕೀಯ ಪುರಾವೆಗೆ ಉತ್ತರವಾಗುವುದಿಲ್ಲ. ಸ್ಥಳೀಯ ಪತ್ರಿಕೆಗಳು ಈ ವಿಷಯ ಬಂದಾಗ ಬೆಳೆಗಾರರ ಹೇಳಿಕೆಯನ್ನೂ ವಿಜ್ಞಾನಿಗಳ ಹೇಳಿಕೆಯನ್ನೂ ಎರಡು ಅಭಿಪ್ರಾಯಗಳೆಂಬಂತೆ ಅಕ್ಕಪಕ್ಕ ಇಟ್ಟು ಕೈತೊಳೆದುಕೊಂಡಾಗ, ಓದುಗರಿಗೆ ಸಿಗಬೇಕಾದದ್ದು ಸಿಗುವುದಿಲ್ಲ.

ಇನ್ನು ಪ್ರಯೋಗ ನಡೆದದ್ದು ಯಾರ ಮೇಲೆ, ಎಷ್ಟು ಜನರ ಮೇಲೆ ಎಂಬ ಪ್ರಶ್ನೆ. 2015ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಬೊಹಾನನ್ ಇದನ್ನು ತೋರಿಸಲೆಂದೇ, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಅಧ್ಯಯನವೊಂದನ್ನು ಜರ್ಮನಿಯಲ್ಲಿ ಹೂಡಿದರು. ಪ್ರಯೋಗದಲ್ಲಿದ್ದವರು ಕೇವಲ ಹದಿನೈದು ಜನ, ಅಳೆದದ್ದು ತೂಕ, ಕೊಲೆಸ್ಟ್ರಾಲ್, ನಿದ್ರೆ ಮುಂತಾದ 18 ಸಂಗತಿಗಳನ್ನು. ಇಷ್ಟು ಕಡೆ ಗಾಳ ಹಾಕಿದರೆ ಏನಾದರೊಂದು ಮೀನು ಆಕಸ್ಮಿಕವಾಗಿಯೇ ಸಿಗುವ ಸಂಭವ ಅರ್ಧಕ್ಕಿಂತ ಹೆಚ್ಚು. ಹಣ ಕೊಟ್ಟರೆ ಅಚ್ಚು ಹಾಕುವ ನಿಯತಕಾಲಿಕವೊಂದು ಅದನ್ನು ಪ್ರಕಟಿಸಿತು, ಜರ್ಮನಿಯ ಅತಿದೊಡ್ಡ ದೈನಿಕ ಮುಖಪುಟದಲ್ಲಿ ಹಾಕಿತು, ಹಲವು ದೇಶಗಳ ಜಾಲತಾಣಗಳು ಹಂಚಿದವು. ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು ಎಂಬ ಪ್ರಶ್ನೆಯನ್ನು ಹೆಚ್ಚುಕಡಿಮೆ ಯಾರೂ ಕೇಳಲಿಲ್ಲ.

ಚಾಕೊಲೇಟಿನ ಕಥೆ ದೂರದ್ದೆನಿಸಬಹುದು. ಇದೇ ಜಾತಿಯ ಇನ್ನೊಂದು ಕಥೆ ನಮ್ಮ ಕಾಡಿನಲ್ಲಿಯೇ ನಡೆದಿದೆ. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಉಪ್ಪಾಗೆ ಮರಗಳಿವೆ. ಮಳೆಗಾಲದಲ್ಲಿ ಹಣ್ಣಾಗುವ ಈ ಕಾಯಿ ಪುಟ್ಟ ಸಿಹಿಗುಂಬಳದ ಹಾಗೆ ಗೆರೆಗೆರೆಯಾಗಿ ಹಳದಿ ಬಣ್ಣಕ್ಕೆ ತಿರುಗಿ ಬುಡದಲ್ಲಿ ಉದುರುತ್ತದೆ. ನಮ್ಮ ಹಿರಿಯರು ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಉಪ್ಪಾಗೆ ತುಪ್ಪ ಹಚ್ಚಿದ ಬಿಸಿ ದೋಸೆಯ ರುಚಿ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಕಿಲ್ಲ. ಸಿಪ್ಪೆಯನ್ನು ಬಿಸಿಲಿಲ್ಲದ ದಿನಗಳಲ್ಲಿ ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸುತ್ತಿದ್ದರು. ಕಪ್ಪಾಗಿ ಸುರುಟಿದ ಆ ಸಿಪ್ಪೆ ಮುಖ್ಯವಾಗಿ ಕೇರಳದ ಮೀನುಸಾರಿನ ಹುಳಿಗೆ ಹೋಗುತ್ತಿತ್ತು. 1965ರಲ್ಲಿ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಈ ಸಿಪ್ಪೆಯ ಪ್ರಧಾನ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿಗಳು, ದೇಹ ಸಕ್ಕರೆಯಿಂದ ಕೊಬ್ಬು ತಯಾರಿಸುವಾಗ ನೆರವಾಗುವ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆ ಎಂದು ತೋರಿಸಿದರು. ಇಲಿಗಳಲ್ಲಿ ಅದರ ಪರಿಣಾಮ ಕಂಡುಬಂದಿತು.

ಇಲಿಯಿಂದ ಮನುಷ್ಯನವರೆಗಿನ ದೂರವನ್ನು ಸುದ್ದಿಯೂ ವ್ಯಾಪಾರವೂ ಒಂದೇ ಹೆಜ್ಜೆಯಲ್ಲಿ ದಾಟಿದವು. ತೊಂಬತ್ತರ ದಶಕದಲ್ಲಿ ಉಪ್ಪಾಗೆಯ ಸಾರ ಗಾರ್ಸೀನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಜಗತ್ತಿನ ಅಂಗಡಿಗಳಿಗೆ ಬಂದಿತು. ಇಲ್ಲಿ ಸಿಪ್ಪೆಯ ಧಾರಣೆ ಏರಿತು. ಹಣ್ಣು ಉದುರುವ ತನಕ ಕಾಯುವ ತಾಳ್ಮೆ ಹೋಯಿತು. ಬೇರೆಯವರು ಕೊಯ್ಯುವ ಮೊದಲು ತಾನು ಕೊಯ್ಯಬೇಕೆಂದು ಎಳೆಗಾಯಿಗೇ ಕೈಹಾಕಿದರು, ಕೊಂಬೆಗಳನ್ನೇ ಕಡಿದು ಕೆಡವಿದರು, ಒಣಗಿಸಲು ರಾಶಿರಾಶಿ ಸೌದೆ ಸುಟ್ಟರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಬಂದ ಪ್ರಯೋಗದಲ್ಲಿ 135 ಜನರಿಗೆ 12 ವಾರಗಳ ಕಾಲ ಕೆಲವರಿಗೆ ಈ ಮಾತ್ರೆಯನ್ನೂ ಕೆಲವರಿಗೆ ಏನೂ ಇಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. ಇಬ್ಬರಿಗೂ ಒಂದೇ ರೀತಿಯ ಪಥ್ಯವಿತ್ತು. ಮಾತ್ರೆ ತಿಂದವರ ತೂಕ ಸರಾಸರಿ 3.2 ಕಿಲೋ ಇಳಿದರೆ, ಹುಸಿಮಾತ್ರೆ ತಿಂದವರದ್ದು 4.1 ಕಿಲೋ ಇಳಿದಿತ್ತು. ಇಳಿಸಿದ್ದು ಪಥ್ಯ ಎಂಬುದು ಇದರಿಂದ ಸ್ಪಷ್ಟ. 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸಿಕ್ಕ ವ್ಯತ್ಯಾಸ ಒಂದು ಕಿಲೋಗಿಂತ ಕಡಿಮೆ.

ಇಷ್ಟೆಲ್ಲ ಆದ ಮೇಲೆ, 2012ರಲ್ಲಿ ಅಮೆರಿಕದ ಜನಪ್ರಿಯ ಟಿವಿ ವೈದ್ಯ ಮೆಹ್ಮೆಟ್ ಓಜ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಹಾಡಿಹೊಗಳಿದರು. 2014ರ ಜೂನ್ ತಿಂಗಳಲ್ಲಿ ಅಲ್ಲಿನ ಸೆನೆಟ್ ಸಮಿತಿ ತೂಕ ಇಳಿಸುವ ವಸ್ತುಗಳ ಬಗ್ಗೆ ಅವರು ಆಡಿದ್ದ ಇಂಥ ಮಾತುಗಳಿಗಾಗಿ ಅವರನ್ನು ತರಾಟೆಗೆ ತೆಗೆದುಕೊಂಡಿತು. ಈ ಸಾರದ ಮಾತ್ರೆ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಸಾರಿಗೆ ಹಾಕುವ ನಾಲ್ಕು ಎಸಳು ಸಿಪ್ಪೆಗೂ ಸಾರ ತೆಗೆದು ದಟ್ಟಗೊಳಿಸಿ ದಿನಕ್ಕೆ ಮೂರು ಹೊತ್ತು ನುಂಗುವ ಮಾತ್ರೆಗೂ ಇರುವ ಅಂತರ ಆಹಾರ ಮತ್ತು ಔಷಧದ ನಡುವಿನ ಅಂತರ. ಇಂದಿಗೂ ಉಪ್ಪಾಗೆಯಿಂದ ಬೊಜ್ಜು ಕರಗುತ್ತದೆ ಎಂಬ ಬರಹಗಳು ಕನ್ನಡದಲ್ಲಿ ಹೊಸದೆಂಬಂತೆ ಬರುತ್ತಲೇ ಇವೆ. ಕಾಡಿನ ಕೊಂಬೆಗಳು ಮುರಿದದ್ದನ್ನು ಕಣ್ಣಾರೆ ಕಂಡ ನಮಗೆ ಅದನ್ನು ಓದುವಾಗ ಸಂಕಟವಾಗುತ್ತದೆ.

ಮಾತ್ರೆಯ ಫಲಿತಾಂಶವನ್ನು ಆಹಾರದ ತಲೆಗೆ ಕಟ್ಟುವ ತಪ್ಪು ಮೀನಿನ ವಿಷಯದಲ್ಲಿಯೂ ಆಗಿದೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2018ರ ನವೆಂಬರಿನಲ್ಲಿ ಬಂದಿತು. ದಿನಕ್ಕೊಂದು ಮೀನೆಣ್ಣೆಯ ಮಾತ್ರೆಯಿಂದ ಹೃದಯಾಘಾತದಂಥ ತೊಂದರೆಗಳು ಒಟ್ಟಾರೆಯಾಗಿ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ ಎಂಬುದು ಅದರ ಮುಖ್ಯ ತೀರ್ಮಾನ. ಕಾರವಾರದಲ್ಲಿರುವ ನನ್ನ ಗೆಳತಿಯೊಬ್ಬಳು, ಮೀನಿನಿಂದ ಹೃದಯಕ್ಕೆ ಏನೂ ಪ್ರಯೋಜನವಿಲ್ಲವಂತೆ ಎಂದು ಬೇಸರದಿಂದ ಫೋನ್ ಮಾಡಿದ್ದಳು. ಅಲ್ಲಿ ಪರೀಕ್ಷೆಯಾದದ್ದು ಮಾತ್ರೆ. ಅವಳ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬೇಯುವ ಬಂಗಡೆಯಾಗಲಿ ತಾರ್ಲೆಯಾಗಲಿ ಅಲ್ಲಿ ಪರೀಕ್ಷೆಗೆ ಕುಳಿತಿರಲಿಲ್ಲ. ಅದೇ ಪ್ರಯೋಗದಲ್ಲಿ, ಮೀನನ್ನು ಬಹಳ ಕಡಿಮೆ ತಿನ್ನುವವರಿಗೆ ಮಾತ್ರೆಯಿಂದ ಸ್ವಲ್ಪ ಲಾಭವಾದ ಸೂಚನೆ ಕಂಡಿತ್ತು. ಮೊದಲೇ ಮೀನು ತಿನ್ನುವ ಕರಾವಳಿಯವರಿಗೆ ಮಾತ್ರೆಯ ಅಗತ್ಯ ಕಡಿಮೆ ಎಂದು ಅದನ್ನು ಓದಬಹುದೇ ಹೊರತು, ಬಂಗಡೆಯನ್ನು ಬಿಡಬೇಕೆಂದು ಓದುವಂತಿಲ್ಲ.

ಇಂಥ ಸುದ್ದಿಗಳು ಒಂದರ ಮೇಲೊಂದು ಬಂದಾಗ ಓದುಗರಿಗೆ ಏನಾಗುತ್ತದೆ ಎಂಬುದನ್ನೂ ಅಧ್ಯಯನ ಮಾಡಿದ್ದಾರೆ. ಅಮೆರಿಕದ ಸಂಶೋಧಕಿ ರೆಬೆಕಾ ನ್ಯಾಗ್ಲರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಫಿ, ಮೀನು, ವೈನ್, ವಿಟಮಿನ್ ಮಾತ್ರೆಗಳ ಬಗ್ಗೆ ಪರಸ್ಪರ ವಿರುದ್ಧವಾದ ಸುದ್ದಿಗಳನ್ನು ಹೆಚ್ಚು ಕಂಡವರಲ್ಲಿ ಗೊಂದಲ ಹೆಚ್ಚು, ಗೊಂದಲ ಹೆಚ್ಚಾದವರಲ್ಲಿ ಆಹಾರದ ಸಲಹೆಗಳ ಮೇಲೆಯೇ ಸಿಟ್ಟು ಹೆಚ್ಚು. ಆ ಸಿಟ್ಟು ಕಾಫಿಯ ಬಳಿಯೇ ನಿಲ್ಲುವುದಿಲ್ಲ. ತರಕಾರಿ ತಿನ್ನಿ, ವ್ಯಾಯಾಮ ಮಾಡಿ ಎಂಬ, ಯಾರೂ ಯಾವತ್ತೂ ವಿವಾದ ಮಾಡದ ಸಲಹೆಗಳನ್ನು ಪಾಲಿಸುವ ಮನಸ್ಸೂ ಅವರಲ್ಲಿ ಕುಗ್ಗಿತ್ತು. ನಾನು ಇದನ್ನು ಓದಿದಾಗ ಆಯಿಯ ನೆನಪಾಯಿತು. ತೆಂಗಿನೆಣ್ಣೆಯ ಡಬ್ಬಿ ಏರಿ ಇಳಿದ ಮೇಲೆ ಅವಳು, ಸಕ್ಕರೆ ಕಡಿಮೆ ಮಾಡು ಎಂದು ಡಾಕ್ಟರು ಹೇಳಿದ ಮಾತಿಗೂ "ಅವ್ರೆಲ್ಲ ದಿನಕ್ಕೊಂದು ಹೇಳ್ತ" ಎಂದುಬಿಟ್ಟಿದ್ದಳು. ಪತ್ರಿಕೆಗಳು ಮಾಡುವ ದೊಡ್ಡ ಹಾನಿ ಇದು ಎಂದು ನನಗನಿಸುತ್ತದೆ. ಒಂದು ತಪ್ಪು ಸುದ್ದಿ ಒಂದು ಎಣ್ಣೆಯನ್ನು ಕೆಡಿಸುತ್ತದೆ, ಹತ್ತು ಎಳೆದಾಟದ ಸುದ್ದಿಗಳು ಸರಿಯಾದ ಸಲಹೆಯ ಮೇಲಿನ ನಂಬಿಕೆಯನ್ನೇ ಕೆಡಿಸುತ್ತವೆ.

ಆ ನಂಬಿಕೆ ಹೋದ ಜಾಗದಲ್ಲಿ ಏನು ಬೆಳೆಯುತ್ತದೆ ಎಂಬುದಕ್ಕೆ ಪಡಿತರದ ಅಕ್ಕಿ ಸಾಕ್ಷಿ. ರಕ್ತಹೀನತೆಯನ್ನು ತಗ್ಗಿಸುವ ಉದ್ದೇಶದಿಂದ ಪಡಿತರದ ಅಕ್ಕಿಗೆ ಪೌಷ್ಟಿಕಾಂಶ ಸೇರಿಸುವ ಯೋಜನೆಯನ್ನು 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದರು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ವಿಟಮಿನ್ ಬೆರೆಸಿ, ಯಂತ್ರದಲ್ಲಿ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ, ಅಂಥ ಒಂದು ಕಾಳನ್ನು ನೂರು ಕಾಳಿಗೆ ಒಂದರಂತೆ ಬೆರೆಸತೊಡಗಿದರು. ಈ ಕಾಳಿನ ಬಣ್ಣ ತುಸು ಬೇರೆ, ತೊಳೆಯುವಾಗ ಕೆಲವು ನೀರಿನ ಮೇಲೆ ತೇಲುತ್ತವೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿದೆ ಎಂಬ ಮಾತು ಹಬ್ಬಿದ್ದು ಹೀಗೆ. ಕೆಲವು ಜಾಲತಾಣಗಳು ಪಡಿತರದಲ್ಲಿ ಪ್ಲಾಸ್ಟಿಕ್ ಅಕ್ಕಿಯೇ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವು. ಆ ಚಿಹ್ನೆ ಬರೆದವರನ್ನು ಕಾಪಾಡುತ್ತದೆ, ಓದಿದವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಪಕ್ಕದ ಕೇರಿಯ ಹೆಂಗಸೊಬ್ಬಳು ಮೊರದಲ್ಲಿ ಅಕ್ಕಿ ಹರಡಿಕೊಂಡು, ಕನ್ನಡಕ ಏರಿಸಿ, ಆ ಕಾಳುಗಳನ್ನು ಒಂದೊಂದಾಗಿ ಆರಿಸಿ ಕೋಳಿಗೆ ಹಾಕುತ್ತಿದ್ದುದನ್ನು ನಾನೇ ನೋಡಿದ್ದೇನೆ. ಎರಡು ಹೆರಿಗೆಯ ನಂತರ ಕಬ್ಬಿಣದ ಮಾತ್ರೆ ಬರೆಸಿಕೊಂಡಿದ್ದವಳು ಅವಳು. ಕೂತು ವಿವರಿಸಿದ ಮೇಲೆ ಆರಿಸುವುದನ್ನು ಬಿಟ್ಟಳು. ನನಗೆ ಹೆಚ್ಚು ಖೇದವಾದದ್ದು ಬೇರೆ ಕಾರಣಕ್ಕೆ. ಇಂಥ ಅಕ್ಕಿಯಿಂದ ರಕ್ತಹೀನತೆ ನಿಜವಾಗಿ ಎಷ್ಟು ತಗ್ಗುತ್ತದೆ ಎಂಬ ಬಗ್ಗೆ ತಜ್ಞರಲ್ಲಿಯೇ ಗಂಭೀರ ಚರ್ಚೆಯಿದೆ. ಜನರಿಗೆ ತಲುಪಬೇಕಾದ ಆ ಪ್ರಶ್ನೆ ಪ್ಲಾಸ್ಟಿಕ್ಕಿನ ಗಾಳಿಮಾತಿನ ಅಡಿಯಲ್ಲಿ ಹೂತುಹೋಯಿತು.

2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು ಭಾರತೀಯರಿಗಾಗಿ 17 ಆಹಾರ ಮಾರ್ಗಸೂಚಿಗಳನ್ನು ಪ್ರಕಟಿಸಿತು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಸಣ್ಣ ಘಟಕವಾಗಿ ಹುಟ್ಟಿದ ಸಂಸ್ಥೆ ಇದು. ನಮ್ಮ ಧಾನ್ಯ, ಸೊಪ್ಪು, ಮೀನುಗಳಲ್ಲಿ ಏನೇನಿದೆ ಎಂದು ಅಳೆದು ಪಟ್ಟಿ ಮಾಡಿದ್ದೂ ಇದೇ ಸಂಸ್ಥೆ. ಮಾರ್ಗಸೂಚಿಯಲ್ಲಿ ಎಣ್ಣೆ, ಉಪ್ಪು, ಸಕ್ಕರೆ, ಗರ್ಭಿಣಿಯರ ಆಹಾರ ಎಲ್ಲವೂ ಇದ್ದವು, ಆದರೆ ತಲೆಬರಹಗಳಿಗೆ ಹೆಚ್ಚಾಗಿ ಸಿಕ್ಕಿದ್ದು ಚಹಾ. ಚಹಾ ಕುಡಿಯಬೇಡಿ ಎಂದು ಸರ್ಕಾರವೇ ಹೇಳಿದೆ ಎಂಬ ಧಾಟಿಯಲ್ಲಿ ಸುದ್ದಿಗಳು ಬಂದವು, ನಮ್ಮೂರಿನ ಚಹಾದಂಗಡಿಗಳಲ್ಲಿ ಅದು ನಗೆಯ ವಿಷಯವಾಯಿತು. ಮೂಲದಲ್ಲಿ ಇದ್ದದ್ದು ಹೀಗೆ: ಚಹಾ ಮತ್ತು ಕಾಫಿಯಲ್ಲಿರುವ ಟ್ಯಾನಿನ್ ಎಂಬ ಅಂಶ ಊಟದಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ಸೇರದಂತೆ ಮಾಡುತ್ತದೆ, ಆದ್ದರಿಂದ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರದವರೆಗೆ ಅವುಗಳನ್ನು ಕುಡಿಯದಿರುವುದು ಒಳ್ಳೆಯದು. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿರುವಾಗ, ಖರ್ಚಿಲ್ಲದೆ ಪಾಲಿಸಬಹುದಾದ ಇದಕ್ಕಿಂತ ಸುಲಭದ ಸಲಹೆ ಸಿಗುವುದು ಕಷ್ಟ.

ಅಂದು ರಾತ್ರಿ ನಾನು ಆ ಭಾಗವನ್ನು ಆಯಿಗೆ ನಿಧಾನವಾಗಿ ಓದಿ ಹೇಳಿದೆ. ಎಷ್ಟು ಹೊತ್ತು, ಏಕೆ, ಯಾರಿಗೆ ಎಂದು ಅವಳು ಒಂದೊಂದನ್ನೇ ಕೇಳಿದಳು. ಬೆಳಿಗ್ಗೆ ತೆಳ್ಳೇವಿನ (ತೆಳು ದೋಸೆಯ) ಜೊತೆಯಲ್ಲಿಯೇ ದೊಡ್ಡ ಲೋಟದಲ್ಲಿ ಚಹಾ ಕುಡಿಯುವುದು ಅವಳ ಐವತ್ತು ವರ್ಷದ ರೂಢಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ಗಂಟಿಗೆ ಕುಡದ್ರೆ ಅಡ್ಡಿಲ್ಯನ?" ಎಂದಳು. ಅಡ್ಡಿಲ್ಲೆ ಎಂದೆ. ಈಗ ತೆಳ್ಳೇವಿನ ಬಳಿ ಚಹಾದ ಬದಲು ಒಂದು ಲೋಟ ಬಿಸಿನೀರು ಇರುತ್ತದೆ, ಹತ್ತಕ್ಕೆ ಒಲೆಯ ಮೇಲೆ ಚಹಾದ ಪಾತ್ರೆ ಏರುತ್ತದೆ. ತೆಂಗಿನೆಣ್ಣೆಯ ಡಬ್ಬಿ ನಾಗಂದಿಗೆಯಿಂದ ಇಳಿದು ತನ್ನ ಹಳೆಯ ಜಾಗದಲ್ಲಿದೆ, ಅದರೊಳಗೆ ಅವಳು ಒಂದು ಸಣ್ಣ ಚಮಚವನ್ನು ಇಟ್ಟಿದ್ದಾಳೆ.